ಮುಟ್ಟದ ಮೀನು

ಗಿಳಿ ಸಾಕಿದವರ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುತ್ತಾರೆ. ಅದು ಸುಳ್ಳು. ನಮ್ಮ ಮನೆಯಲ್ಲಿ ಹದಿನೈದು ವರ್ಷಗಳಿಂದ ಎರಡು ಗಿಳಿಗಳಿವೆ, ಹನ್ನೊಂದು ವರ್ಷಗಳಿಂದ ಒಂದು ಗುಟ್ಟೂ ಇದೆ. ಮೂರೂ ಚೆನ್ನಾಗಿಯೇ ಬದುಕಿಕೊಂಡಿವೆ.

ನನ್ನ ಹೆಸರು ದಮಯಂತಿ. ಉಪ್ಪಳ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಮನೆ ಮಂಗಲ್ಪಾಡಿ ಪಂಚಾಯತಿನಲ್ಲಿ, ರೈಲು ಹಳಿಯಿಂದ ಕೂಗಳತೆಯ ದೂರ. ಗಂಡ ಧನರಾಜ್ ವಯರಿಂಗ್ ಕೆಲಸ ಮಾಡುತ್ತಿದ್ದರು. 2004ರಲ್ಲಿ ಪಕ್ಕದ ಹಿತ್ತಿಲಿನವರು ಸಿಡಿಲು ಬಡಿದ ತೆಂಗಿನಮರ ಕಡಿಸಿದಾಗ ಅದರ ಪೊಟರೆಯಿಂದ ಎರಡು ಮರಿಗಳು ಉರುಳಿದವು. ಇವರು ಅವನ್ನು ಟೆಸ್ಟರು, ಕಟಿಂಗ್ ಪ್ಲೇಯರು ಇಡುವ ಚೀಲದಲ್ಲೇ ಹಾಕಿಕೊಂಡು ಬಂದರು. ಮೈಮೇಲೆ ಒಂದು ಪುಕ್ಕ ಇಲ್ಲ, ಕಣ್ಣು ಮುಚ್ಚಿತ್ತು.

"ಇದೆಂತ ನೀವು ತಂದದ್ದು, ಸುಟ್ಟ ಗೆಣಸಾ?" ಎಂದೆ.

"ಎರಡು ವಾರ ತಡಿ, ನಿನಗಿಂತ ಚಂದ ಆಗ್ತದೆ" ಎಂದರು.

ಆಯಿತು. ನನಗಿಂತ ಚಂದವೂ ಆಯಿತು, ನನಗಿಂತ ಬಾಯಿಯೂ ಜೋರಾಯಿತು. ಒಂದಕ್ಕೆ ಗಾಂಧಾರಿ ಮೆಣಸೆಂದರೆ ಪ್ರಾಣ. ತುಳುವಿನಲ್ಲಿ ಮೆಣಸಿಗೆ ಮುಂಚಿ ಎನ್ನುತ್ತೇವೆ, ಅದಕ್ಕೆ ಅದೇ ಹೆಸರಾಯಿತು. ಇನ್ನೊಂದಕ್ಕೆ ಹಣ್ಣಾದ ಪೇರಳೆ ಕಂಡರೆ ಮೈಮೇಲೆ ಎಚ್ಚರವಿಲ್ಲ. ಅದು ಬೆಲ್ಲ. ಮುಂಚಿ ಕುಕ್ಕರಿನ ಸೀಟಿಯನ್ನು ಎಷ್ಟು ಸರಿಯಾಗಿ ಹೊಡೆಯುತ್ತಿತ್ತೆಂದರೆ ನನ್ನ ಅತ್ತೆ ಅಮ್ಮು ಮಾಮಿ ಎರಡನೇ ಸೀಟಿಗೇ ಗ್ಯಾಸ್ ಆರಿಸಿಬಿಡುತ್ತಿದ್ದರು, ಮಧ್ಯಾಹ್ನ ನಾವು ಬೇಯದ ಕಡಲೆ ಅಗಿಯುತ್ತಿದ್ದೆವು. ಬೆಲ್ಲ ಮಾತು ಕಲಿಯಲೇ ಇಲ್ಲ. ಅದು ಮಾಮಿಯ ಹೆಗಲ ಮೇಲೆ ಕುಳಿತು ಅವರ ಬಾಯಿಯಿಂದಲೇ ವೀಳ್ಯದೆಲೆಯ ತುಂಡು ಕಿತ್ತುಕೊಳ್ಳುತ್ತಿತ್ತು. "ಕಳ್ಳಿ, ನನ್ನ ಹಲ್ಲೂ ತೆಗೆದುಕೊಂಡು ಹೋಗು" ಎಂದು ಮಾಮಿ ಬೈಯುತ್ತಿದ್ದರು. ಬೈಯುತ್ತಲೇ ಇನ್ನೊಂದು ತುಂಡು ಕೊಡುತ್ತಿದ್ದರು.

ನಿವೃತ್ತರಾದ ಸುಬ್ಬರಾಯ ಮಾಸ್ತರರು ಒಮ್ಮೆ ಜಗಲಿಯಲ್ಲಿ ಕುಳಿತು, "ಇದನ್ನು ಸಾಕುವ ಹಾಗಿಲ್ಲ, ಫಾರೆಸ್ಟಿನವರು ಬಂದ್ರೆ ಕೇಸು ಉಂಟು" ಎಂದು ಹೆದರಿಸಿದರು. ಅವತ್ತೇ ಇವರು ಗೂಡಿನ ಬಾಗಿಲು ತೆರೆದಿಟ್ಟರು. ಎರಡೂ ಬಾವಿಯ ರಾಟೆಯ ತನಕ ಹಾರಿ, ಅಲ್ಲಿ ಕುಳಿತು ಊರು ನೋಡಿ, ಊಟದ ಹೊತ್ತಿಗೆ ಸರಿಯಾಗಿ ಒಳಗೆ ಬಂದವು. ಮಾಮಿ ಮಾಸ್ತರರಿಗೆ ಹೇಳಿಕಳಿಸಿದರು, "ಕೇಸು ಹಾಕುದಾದ್ರೆ ಗಿಳಿಗಳ ಮೇಲೆ ಹಾಕ್ಲಿಕ್ಕೆ ಹೇಳಿ, ಅವು ನಮ್ಮನ್ನು ಬಿಡುದಿಲ್ಲ."

ಅಷ್ಟು ಸುಖವಾಗಿದ್ದೆವು. ಅದನ್ನು ಕೆಡಿಸಿದವಳು ನಾನು.

ನಮಗೆ ಮಕ್ಕಳಾಗಲಿಲ್ಲ. ಒಂದು ದಿನ ನೆಂಟರ ಎದುರು ಮಾಮಿ, "ಇವಳಿಗೆ ಮಕ್ಕಳ ಬದಲು ಗಿಳಿ ಆಯ್ತು" ಎಂದು ನಕ್ಕರು. ತಮಾಷೆಗೆ ಹೇಳಿದ್ದೋ ಚುಚ್ಚಲಿಕ್ಕೆ ಹೇಳಿದ್ದೋ ದೇವರಿಗೇ ಗೊತ್ತು. ನನಗೆ ಚುಚ್ಚಿತು. ನನ್ನ ಸಿಟ್ಟು ಹಾಗೆಲ್ಲ ಇಳಿಯುವ ಜಾತಿಯದಲ್ಲ. ಮೂರು ತಿಂಗಳು ಇವರ ಕಿವಿ ಕಚ್ಚಿದೆ. ಕುಂಬಳೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಾದರೂ ಸಾಕು, ಬೇರೆ ಹೋಗೋಣ ಎಂದೆ. ಕೊನೆಗೆ ಇವರು ಒಪ್ಪಿದಾಗ ಒಂದು ಮಾತು ಸೇರಿಸಿದೆ.

"ನಾನು ಹೇಳಿದ್ದು ಅಂತ ಮಾಮಿಗೆ ಹೇಳ್ಬೇಡಿ."

2008ರ ಮೇ ತಿಂಗಳ ಒಂದು ಮಧ್ಯಾಹ್ನ ಇವರು ಊಟಕ್ಕೆ ಕುಳಿತು ವಿಷಯ ತೆಗೆದರು. ಕೆಲಸಕ್ಕೆ ಹತ್ತಿರ ಆಗುತ್ತದೆ, ತನಗೇ ಹಾಗೆ ಅನ್ನಿಸಿದೆ ಎಂದರು. ನನ್ನ ಹೆಸರು ಬರಲಿಲ್ಲ. ಮಾಮಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಬಡಿಸಲು ಸೌಟು ಎತ್ತಿದ್ದರು. ಆ ಸೌಟು ಹಾಗೇ ನಿಂತಿತು.

"ಹೋಗುದಾದ್ರೆ ಈಗಲೇ ಹೋಗು. ನನ್ನ ಕೈಯ ಮೀನು ನಿನಗೆ ಇನ್ನು ಬೇಡ."

ಇವರು ಅರ್ಧ ತಿಂದ ಅನ್ನ ಬಿಟ್ಟು ಎದ್ದರು. ನಾನು ಅಡುಗೆಕೋಣೆಯ ಬಾಗಿಲ ಹಿಂದೆ ಇದ್ದೆ. "ಅದು ನನ್ನ ಮಾತು ಮಾಮಿ" ಎಂದು ಒಂದು ಸಲ ಹೇಳಿದ್ದರೆ ಸಿಟ್ಟು ನನ್ನ ಕಡೆ ತಿರುಗುತ್ತಿತ್ತು, ಇವರು ಕುಳಿತು ಊಟ ಮುಗಿಸುತ್ತಿದ್ದರು. ಹೇಳಲಿಲ್ಲ. ಮೂರೂವರೆಗೆ ಫೋನು ಬಂತು. ಬಂದ್ಯೋಡಿನ ಒಂದು ಹೊಸ ಮನೆಯಲ್ಲಿ ಮೇನ್ ಸ್ವಿಚ್ ಆರಿಸದೆ ವಯರಿಗೆ ಕೈ ಹಾಕಿದ್ದರು. ಹದಿನೆಂಟು ವರ್ಷ ಒಮ್ಮೆಯೂ ಮರೆಯದವರು ಆ ದಿನ ಯಾಕೆ ಮರೆತರು ಎಂದು ಊರಿನವರು ಕೇಳಿದರು. ಮನೆಯಲ್ಲಿದ್ದ ನಾವಿಬ್ಬರು ಕೇಳಲಿಲ್ಲ.

ಇವರಿಗೆ ಗೇಟಿನ ಹತ್ತಿರ ಬರುವಾಗ ಸಿಳ್ಳೆ ಹಾಕುವ ಅಭ್ಯಾಸವಿತ್ತು, ಎರಡು ಗಿಡ್ಡ, ಒಂದು ಉದ್ದ. ಮುಂಚಿ ಅದನ್ನು ಯಾವಾಗಲೋ ಕಲಿತಿತ್ತು. ಸತ್ತ ಹದಿನಾರನೆಯ ದಿನದ ಕ್ರಿಯೆಗಳೆಲ್ಲ ಮುಗಿದ ಮೇಲೂ ಅದು ಒಂದೂಕಾಲಕ್ಕೆ ಸಿಳ್ಳೆ ಹಾಕುತ್ತಿತ್ತು. ಮಾಮಿ ಬಟ್ಟಲು ಇಡಲು ಏಳುತ್ತಿದ್ದರು, ನೆನಪಾಗಿ ಕುಳಿತುಕೊಳ್ಳುತ್ತಿದ್ದರು. ಒಂದು ದಿನ ಸಿಟ್ಟು ತಡೆಯದೆ ನಾನು ಗೂಡಿಗೆ ಚಾದರ ಮುಚ್ಚಿದೆ. ಮಾಮಿ ಬಂದು ಚಾದರ ತೆಗೆದರು. "ಅಷ್ಟಾದ್ರೂ ಇರ್ಲಿ ಮಾರಾಯ್ತಿ" ಎಂದರು.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮವಿದೆ. ಅವರಿಗೆ ಇಷ್ಟವಾದದ್ದೆಲ್ಲ ಬೇಯಿಸಿ, ಪಡಸಾಲೆಯಲ್ಲಿ ದೀಪ ಹಚ್ಚಿ, ಬಾಳೆ ಎಲೆಯಲ್ಲಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಮಾತಾಡುವ ಹಾಗಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೂರು ಸಲ ಕೈ ತಟ್ಟಿ ಬಾಗಿಲು ತೆರೆಯುವುದು. ಎಲೆಯಲ್ಲಿ ಮುಟ್ಟಿದ ಗುರುತಿದ್ದರೆ ಸತ್ತವರಿಗೆ ತೃಪ್ತಿಯಾಗಿದೆ, ಇಲ್ಲವಾದರೆ ಏನೋ ಮುನಿಸಿದೆ.

ಆ ವರ್ಷ ಬಡಿಸಲು ಪುತ್ತಿಗೆಯಿಂದ ಮಾಮಿಯ ತಮ್ಮ ಕಿಟ್ಟಣ್ಣ ಮಾವ ಬಂದರು. ಕೋಣೆಯಲ್ಲಿ ಜೀವ ಇರುವ ಯಾವುದೂ ಇರಬಾರದೆಂದು ಗಿಳಿಗೂಡನ್ನು ಅವರೇ ಹಿಂದಿನ ಚಾವಡಿಗೆ ಸಾಗಿಸಿದರು. ಬಾಗಿಲು ತೆರೆದಾಗ ಎಲೆಯಲ್ಲಿ ಒಂದು ಅಗುಳು ಅಲುಗಿರಲಿಲ್ಲ.

"ಮುಟ್ಲಿಲ್ಲ ಅಕ್ಕ" ಎಂದರು ಮಾವ.

ಅಂದಿನಿಂದ ಮಾಮಿ ಅನ್ನ ಬಿಟ್ಟರು. ಅವಲಕ್ಕಿ, ಚಾ, ಒಂದೆರಡು ಬಾಳೆಹಣ್ಣು, ಅಷ್ಟೇ. ಹಸಿದು ಹೋದವನು ಹಸಿದೇ ಇದ್ದಾನೆ, ನಾನು ಹೇಗೆ ಉಣ್ಣಲಿ ಎನ್ನುತ್ತಿದ್ದರು. ವರ್ಷ ತಿರುಗುವಷ್ಟರಲ್ಲಿ ಅವರ ರವಿಕೆಗಳನ್ನು ನಾನು ಎರಡು ಸಲ ಬಿಗಿ ಮಾಡಿ ಹೊಲಿದೆ.

ಮರುವರ್ಷದ ಆಟಿಯಲ್ಲಿ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಹಿಂದಿನ ಚಾವಡಿಯೆಲ್ಲ ನೀರು. ಗೂಡನ್ನು ಪಡಸಾಲೆಯ ಮೂಲೆಯಲ್ಲೇ ಬಿಟ್ಟು ಮೇಲೊಂದು ಲುಂಗಿ ಹೊದೆಸಿದೆವು. ಬಡಿಸಿ, ಕರೆದು, ಬಾಗಿಲು ಹಾಕಿ ಜಗಲಿಯಲ್ಲಿ ನಿಂತೆವು. ಮಳೆಯ ಸದ್ದಿಗೆ ಬೇರೇನೂ ಕೇಳುತ್ತಿರಲಿಲ್ಲ. ಮಾವ ಮೂರು ಸಲ ಕೈ ತಟ್ಟಿ ಬಾಗಿಲು ತೆರೆದರು. ಅನ್ನದ ರಾಶಿಯ ನೆತ್ತಿ ಕುಸಿದಿತ್ತು. ನೀರುದೋಸೆಯ ಅಂಚು ಹರಿದಿತ್ತು. ಎಲೆಯ ತುದಿಯಲ್ಲಿ ಇಟ್ಟ ಮೆಣಸು ಇರಲಿಲ್ಲ.

"ಮುಟ್ಟಿದ್ದಾನೆ! ಅಕ್ಕ, ನೋಡು, ಮುಟ್ಟಿದ್ದಾನೆ!"

ಮಾಮಿ ಹೊಸ್ತಿಲಲ್ಲೇ ಕುಸಿದು ಕುಳಿತು ಗಟ್ಟಿಯಾಗಿ ಅತ್ತರು. ನಾನು ಗೂಡಿನ ಕಡೆ ಹೋಗಿ ಲುಂಗಿ ಎತ್ತಿದೆ. ಕೊಕ್ಕಿನಿಂದ ಕೊಂಡಿ ಎತ್ತುವುದನ್ನು ಮುಂಚಿ ಯಾವಾಗ ಕಲಿತಿತ್ತೋ, ಬಾಗಿಲು ಅರೆ ತೆರೆದಿತ್ತು. ಎರಡೂ ಕೋಲಿನ ಮೇಲೆ ಸಂಭಾವಿತರ ಹಾಗೆ ಕುಳಿತಿದ್ದವು. ಬೆಲ್ಲದ ಕೊರಳಿನಲ್ಲಿ ಒಂದು ಅಗುಳು ಅಂಟಿತ್ತು.

ಅದನ್ನು ಸೆರಗಿನಿಂದ ಒರೆಸಿ ತೆಗೆದೆ. ಗೂಡಿನ ಕೊಂಡಿ ಹಾಕಿದೆ. ಯೋಚಿಸಿ ಮಾಡಿದ್ದಲ್ಲ. ಆ ಸಂಜೆ ಮಾಮಿ ಒಂದು ವರ್ಷದ ಮೇಲೆ ಮೊದಲ ಸಲ ಅನ್ನ ಕೇಳಿದರು. ನಾನೇ ಬಡಿಸಿದೆ. ಅವರು ಉಣ್ಣುವುದನ್ನು ನೋಡಿ ನನಗೆ ಆದ ಸಂತೋಷವನ್ನು ಯಾವ ದೇವರ ಎದುರು ಬೇಕಾದರೂ ಹೇಳುತ್ತೇನೆ. ಆದರೆ ಎರಡು ತುತ್ತು ಆದ ಮೇಲೆ ಅವರು ಕೈ ನಿಲ್ಲಿಸಿದರು.

"ಅನ್ನ ಮುಟ್ಟಿದ. ಮೀನು ಮುಟ್ಲಿಲ್ಲ, ನೋಡಿದಿಯಾ?"

"ಅದೆಲ್ಲ ಯಾಕೆ ಮಾಮಿ, ಬಂದದ್ದೇ ದೊಡ್ಡದು."

"ಅವನು ಎದ್ದು ಹೋದದ್ದು ಮೀನು ಬಡಿಸುವಾಗ. ಬೇಡ ಅಂತ ನಾನೇ ಹೇಳಿದ್ದಲ್ವಾ?" ಅನ್ನವನ್ನು ಬಟ್ಟಲಿನ ಅಂಚಿಗೆ ಸರಿಸಿ, "ಹುಳಿ ಹೆಚ್ಚಾಯ್ತೋ ಏನೋ" ಎಂದರು.

ಗಿಳಿ ಮೀನು ತಿನ್ನುವುದಿಲ್ಲ. ನಮ್ಮ ಗಿಳಿಗಳಂತೂ ಮೀನಿನ ವಾಸನೆಗೇ ಮುಖ ತಿರುಗಿಸುತ್ತಿದ್ದವು. ಅದನ್ನು ಹೇಳಿದರೆ ಅನ್ನ ಮುಟ್ಟಿದವರು ಯಾರೆಂದೂ ಹೇಳಬೇಕಾಗುತ್ತಿತ್ತು. ಅವರ ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿದೆ.

ಮೂರನೆಯ ವರ್ಷದಿಂದ ನಾನು ಬೇಕೆಂದೇ ಮಾಡಿದೆ. ಗೂಡನ್ನು ಮಾಡಿನ ಕೊಕ್ಕೆಯಿಂದ ಇಳಿಸಿ ಮೂಲೆಯಲ್ಲಿಟ್ಟು, ಲುಂಗಿ ಹೊದೆಸಿ, ಕೊಂಡಿಯನ್ನು ಸಡಿಲ ಬಿಡುತ್ತಿದ್ದೆ. ಮಧ್ಯಾಹ್ನದಿಂದ ಅವಕ್ಕೆ ಏನೂ ಕೊಡುತ್ತಿರಲಿಲ್ಲ. ಕಿಟ್ಟಣ್ಣ ಮಾವನಿಗೆ ಗೂಡಿನ ಮಾತೇ ಮರೆತುಹೋಗಿತ್ತು. ಒಮ್ಮೆ ಗುಣ ಕೊಟ್ಟ ಮದ್ದನ್ನು ಬದಲಿಸಬಾರದು ಎನ್ನುವ ಹಾಗೆ ಅದು ಅಲ್ಲೇ ಇರುವುದೂ ಕ್ರಮದ ಭಾಗವಾಯಿತು. ಪ್ರತಿವರ್ಷ ಅನ್ನ ಕುಸಿಯುತ್ತಿತ್ತು, ಮೆಣಸು ಮಾಯವಾಗುತ್ತಿತ್ತು. ಪ್ರತಿವರ್ಷ ಮೀನು ಬಡಿಸಿದ ಹಾಗೇ ಇರುತ್ತಿತ್ತು.

ಮಾಮಿ ಮೀನು ಬದಲಿಸಿದರು. ಒಂದು ವರ್ಷ ಬೂತಾಯಿ, ಒಂದು ವರ್ಷ ಅಂಜಲು. ಒಣಮೀನಿನ ಚಟ್ನಿ ಮಾಡಿದರು. ಉಪ್ಪು ಕಡಿಮೆ ಮಾಡಿ ನೋಡಿದರು, ಹುಳಿಗೆ ಪುನರ್ಪುಳಿ ಹಾಕಿ ನೋಡಿದರು. ಆಟಿ ಹತ್ತಿರ ಬಂದರೆ ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಮಸಾಲೆಯ ಲೆಕ್ಕವನ್ನು ಬಾಯಿಪಾಠ ಮಾಡುತ್ತಿದ್ದರು.

ನಾನೇ ಒಂದು ತುಂಡು ಮುರಿದಿಟ್ಟಿದ್ದರೆ ಮುಗಿಯುತ್ತಿತ್ತು. ಎಲೆಯ ಮುಂದೆ ಕೊನೆಗೆ ಉಳಿಯುವವಳು ನಾನೇ. 2014ರಲ್ಲಿ ಕೈ ಚಾಚಿಯೂ ಆಗಿತ್ತು. ಹಿಂದಕ್ಕೆ ತೆಗೆದೆ. ಗಿಳಿ ಮುಟ್ಟಿದರೆ ಅದು ಗಿಳಿಯ ಕೆಲಸ, ನಾನು ಮುಟ್ಟಿದರೆ ಸತ್ತವರಿಗೆ ಮೋಸ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನಿಜವಾದ ಕಾರಣವಲ್ಲ. ಮೀನು ಮುಟ್ಟದೆ ಉಳಿದಷ್ಟು ಕಾಲ ಇವರ ಸಿಟ್ಟು ತಾಯಿಯ ಮೇಲೆ ಇದೆ ಎಂದಾಗುತ್ತಿತ್ತು. ನನ್ನ ಮೇಲೆ ಅಲ್ಲ. ಅಷ್ಟು ನೀಚತನ ನನ್ನೊಳಗೆ ಇತ್ತು, ಈಗ ಮುಚ್ಚಿಡುವುದಕ್ಕೆ ಏನಿದೆ.

ವಿಚಿತ್ರವೆಂದರೆ ಆ ವರ್ಷಗಳಲ್ಲೇ ನಾನೂ ಮಾಮಿಯೂ ಹತ್ತಿರವಾದೆವು. ನಾನು ಅಂಗಡಿಯಿಂದ ಬರುವ ಹೊತ್ತಿಗೆ ಅವರು ಜಗಲಿಯಲ್ಲಿ ಬೆಲ್ಲವನ್ನು ಹೆಗಲಿಗೇರಿಸಿಕೊಂಡು ಕಾಯುತ್ತಿದ್ದರು. ಮುಂಚಿ ನನ್ನ ಹೊಲಿಗೆ ಮಿಷನಿನ ಸದ್ದು ಕಲಿತು, ನಾನು ಅಂಗಡಿಯಲ್ಲಿದ್ದಾಗಲೂ ಮನೆಯಲ್ಲಿ ಹೊಲಿಯುತ್ತಿದ್ದೇನೆಂದು ಅವರಿಗೆ ಅನ್ನಿಸುವ ಹಾಗೆ ಮಾಡುತ್ತಿತ್ತು. "ನೀನು ಮನೆಯಲ್ಲೇ ಇದ್ದ ಹಾಗೆ ಆಗ್ತದೆ ಮಗಾ" ಎನ್ನುತ್ತಿದ್ದರು. ಮಗಾ ಎಂದು ಅವರು ಕರೆದಷ್ಟೂ ಬಾಯಿ ಬಿಡುವುದು ನನಗೆ ಕಷ್ಟವಾಯಿತು.

2017ರ ಡಿಸೆಂಬರಿನಲ್ಲಿ ಮಾಮಿ ಹಾಸಿಗೆ ಹಿಡಿದರು. ಒಂದು ಬೆಳಗ್ಗೆ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡರು.

"ಬೇರೆ ಹೋಗುವ ಬುದ್ಧಿ ಧನುವಿನದ್ದಲ್ಲ. ಯಾರೋ ಅವನ ತಲೆಗೆ ಹಾಕಿದ್ದು. ನಿನಗೆ ಗೊತ್ತುಂಟಾ?"

ಬೆಲ್ಲ ತಲೆದಿಂಬಿನ ಮೇಲೆ ಕುಳಿತು ಅವರ ಕೂದಲನ್ನು ಒಂದೊಂದಾಗಿ ಬಿಡಿಸುತ್ತಿತ್ತು. ಮಾಮಿಯ ಕಣ್ಣಿನಲ್ಲಿ ಸಂಶಯ ಇರಲಿಲ್ಲ, ನಿಜವಾಗಿ ಕೇಳುತ್ತಿದ್ದರು. ಆ ಒಂದು ಉತ್ತರ ಸಿಕ್ಕಿದ್ದರೆ ಅವರು ಹಗುರವಾಗಿ ಹೋಗುತ್ತಿದ್ದರು.

"ಇಲ್ಲ ಮಾಮಿ" ಎಂದೆ.

"ಹಾಗಾದ್ರೆ ನನ್ನ ಬಾಯಿಯೇ ಅವನನ್ನು ಕೊಂದದ್ದು" ಎಂದು ಕೈ ಬಿಟ್ಟರು. ನಾಲ್ಕನೆಯ ದಿನ ತೀರಿಕೊಂಡರು.

2018ರ ಆಟಿಗೆ ಪಡಸಾಲೆಯಲ್ಲಿ ಎರಡು ಎಲೆ ಹಾಕಿದೆವು, ಒಂದು ಇವರಿಗೆ, ಒಂದು ಮಾಮಿಗೆ. ಕಿಟ್ಟಣ್ಣ ಮಾವ ಕೋಲೂರಿಕೊಂಡು ಬಂದಿದ್ದರು. ಅಭ್ಯಾಸದಂತೆ ಗೂಡು ಮೂಲೆಯಲ್ಲಿತ್ತು, ಅಭ್ಯಾಸದಂತೆ ಕೊಂಡಿ ಸಡಿಲ ಬಿಟ್ಟೆ. ಇನ್ನು ಯಾರಿಗೆ ಮೋಸ ಮಾಡುವುದು ಎಂದು ಕೇಳಿಕೊಂಡೆ, ಆದರೂ ಬಿಟ್ಟೆ. ಬಾಗಿಲು ತೆರೆದಾಗ ಇವರ ಎಲೆಯಲ್ಲಿ ಎಂದಿನ ಗುರುತು. ಮಾಮಿಯ ಎಲೆಯಲ್ಲಿ ಯಾವ ಗುರುತೂ ಇಲ್ಲ. ಬಡಿಸಿದ ಸೌಟಿನ ಗೆರೆ ಕೂಡ ಅನ್ನದ ಮೇಲೆ ಹಾಗೇ ಇತ್ತು.

"ಅಕ್ಕನಿಗೆ ಎಂತದೋ ಬೇಜಾರು ಉಂಟು" ಎಂದರು ಮಾವ.

"ಹೊಸತಲ್ವಾ ಮಾವ, ಬರ್ತಾರೆ" ಎಂದೆ. ಒಳಗೊಳಗೆ ನಗು ಬಂತು. ಇವರ ಎಲೆ ಗೂಡಿಗೆ ಹತ್ತಿರವಿತ್ತು, ಗಿಳಿಗಳು ಹತ್ತಿರದ್ದನ್ನು ತಿಂದವು, ಇದರಲ್ಲಿ ಎಂತ ಉಂಟು? ಆದರೆ ಮರುದಿನ ಅಂಗಡಿಯಲ್ಲಿ ರವಿಕೆಯ ತೋಳನ್ನು ತಿರುಗಿಸಿ ಇಟ್ಟು ಹೊಲಿದೆ. ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ತಿರುಗಿತ್ತು.

ಈ ವರ್ಷ, 2019ರಲ್ಲಿ, ಕಿಟ್ಟಣ್ಣ ಮಾವನಿಗೆ ಬರಲಾಗಲಿಲ್ಲ. ನೀನೇ ಕರೆದು ಬಡಿಸು, ಮನೆಯವಳಲ್ವಾ ಎಂದು ಫೋನಿನಲ್ಲಿ ಹೇಳಿದರು. ನಾನು ಎಲೆಗಳ ಜಾಗ ಬದಲಿಸಿದೆ. ಮಾಮಿಯದು ಗೂಡಿನಿಂದ ಎರಡೇ ಮೊಳ, ಇವರದು ಆಚೆ ಗೋಡೆಯ ಹತ್ತಿರ. ಮಾಮಿಯ ಎಲೆಗೆ ಒಂದು ಹಿಡಿ ಗಾಂಧಾರಿ ಮೆಣಸು ಹಾಕಿದೆ, ಇವರ ಎಲೆಗೆ ಒಂದೂ ಹಾಕಲಿಲ್ಲ. ಬೆಲ್ಲಕ್ಕೆಂದು ಹಣ್ಣಾದ ಪೇರಳೆ ಹೋಳು ಮಾಡಿ ಮಾಮಿಯ ಎಲೆಯ ಸುತ್ತ ಇಟ್ಟೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಭಯವಾಗುತ್ತಿತ್ತು.

ಬಾಗಿಲು ಹಾಕುವ ಮೊದಲು ಮಾಮಿಯ ಎಲೆಯ ಮುಂದೆ ಕುಳಿತೆ.

"ಅದು ನಾನು ಹೇಳಿದ್ದು ಮಾಮಿ" ಎಂದೆ. "ಬೇರೆ ಮನೆ ಬೇಕು ಅಂತ ಅವರ ತಲೆ ತಿಂದದ್ದು ನಾನು. ನನ್ನ ಹೆಸರು ಹೇಳ್ಬೇಡಿ ಅಂತ ಹೇಳಿದ್ದೂ ನಾನು. ಅನ್ನ ಮುಟ್ಟಿದ್ದು ಅವರಲ್ಲ, ಗಿಳಿಗಳು. ಅವಕ್ಕೆ ಮೀನು ಆಗುದಿಲ್ಲ, ಅದಕ್ಕೆ ಮೀನು ಉಳಿದದ್ದು. ಅವರಿಗೆ ನಿಮ್ಮ ಮೇಲೆ ಸಿಟ್ಟು ಇರ್ಲಿಲ್ಲ ಮಾಮಿ. ಊಟಕ್ಕೆ ಬನ್ನಿ."

ಹನ್ನೊಂದು ವರ್ಷ ಗಂಟಲಲ್ಲಿ ಇದ್ದದ್ದು ಇಷ್ಟೇ ಇಷ್ಟು. ಅರ್ಧ ನಿಮಿಷವೂ ಬೇಕಾಗಲಿಲ್ಲ. ಲುಂಗಿ ಹೊದೆಸಿ, ಕೊಂಡಿ ಎತ್ತಿಟ್ಟು, ಬಾಗಿಲು ಹಾಕಿ ಜಗಲಿಗೆ ಬಂದೆ. ಮಳೆ ಬಿಟ್ಟಿತ್ತು. ಒಳಗೆ ನೆಲಕ್ಕೆ ಉಗುರು ತಾಗುವ ಸಣ್ಣ ಸದ್ದು ಕೇಳಿತು, ಗಿಳಿಗಳು ಇಳಿದಿದ್ದವು. ಮಂಗಳೂರಿನ ಕಡೆಯ ರೈಲು ಹೋಗುವ ತನಕ ನಿಂತೆ. ಮೂರು ಸಲ ಕೈ ತಟ್ಟಿ ಬಾಗಿಲು ತೆರೆದೆ.

ಪ್ರತಿವರ್ಷವೂ ಕೈ ತಟ್ಟಿದೊಡನೆ ಅವು ಗೂಡು ಸೇರಿಬಿಡುತ್ತಿದ್ದವು. ಈ ಸಲ ಅಲುಗಲಿಲ್ಲ. ಎರಡೂ ಆಚೆ ಗೋಡೆಯ ಹತ್ತಿರ, ಇವರ ಎಲೆಯಲ್ಲಿ ಇದ್ದವು. ಮುಂಚಿ ಬರೀ ಅನ್ನ ತಿನ್ನುತ್ತಿತ್ತು. ಮಾಮಿಯ ಎಲೆ ದಾಟದೆ ಅಲ್ಲಿಗೆ ಹೋಗಲು ದಾರಿ ಇರಲಿಲ್ಲ. ಮಾಮಿಯ ಎಲೆಯಲ್ಲಿ ಮೆಣಸು ಎಣಿಸಿಟ್ಟ ಹಾಗೆ ಇತ್ತು. ಪೇರಳೆಯ ಒಂದು ಹೋಳಿಗೂ ಕೊಕ್ಕು ತಾಗಿರಲಿಲ್ಲ.

ಅವು ಬರೀ ಗಿಳಿಗಳು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಲ್ಲವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಆ ಎಲೆಯಿಂದಲೇ ಒಂದು ಪೇರಳೆ ಹೋಳು ತೆಗೆದು ಅದರ ಕೊಕ್ಕಿನ ಹತ್ತಿರ ಹಿಡಿದೆ. ಮುಖ ತಿರುಗಿಸಿತು. ಇನ್ನೊಂದು ಹಿಡಿದೆ. ನನ್ನ ಮೊಣಕಾಲಿನ ತುದಿಗೆ ಸರಿದು ಕುಳಿತಿತು. ಅಡುಗೆಕೋಣೆಗೆ ಹೋಗಿ ಅದೇ ಪೇರಳೆಯ ಉಳಿದ ಅರ್ಧವನ್ನು ತಂದೆ. ಅದನ್ನು ಕಿತ್ತುಕೊಂಡು, ಬೀಜ ಉದುರಿಸುತ್ತ, ಕಣ್ಣು ಅರೆ ಮುಚ್ಚಿ ತಿಂದಿತು. ಮಾಮಿಯ ಹೆಗಲ ಮೇಲೆ ಕುಳಿತು ತಿನ್ನುತ್ತಿದ್ದದ್ದೂ ಹಾಗೆಯೇ.

ಮಾಮಿ ಬಂದಿದ್ದರು, ಎಲ್ಲವನ್ನೂ ಕೇಳಿದ್ದರು, ಉಣ್ಣದೆ ಎದ್ದು ಹೋಗಿದ್ದರು. ಹಾಗಲ್ಲ ಎಂದು ಯಾರಾದರೂ ನನಗೆ ಹೇಳಬೇಕು. ಹೇಳಲಿಕ್ಕೆ ಮನೆಯಲ್ಲಿ ಯಾರೂ ಇಲ್ಲ.

ತುಂಬ ಹೊತ್ತು ಆ ಎಲೆಯ ಮುಂದೆ ಕುಳಿತಿದ್ದೆ. ಬಂಗುಡೆಯ ಮೇಲೆ ಮಸಾಲೆ ತಣ್ಣಗಾಗಿ ಗಟ್ಟಿಯಾಗಿತ್ತು. ಬೆರಳಿನಿಂದ ಸ್ವಲ್ಪ ತೆಗೆದು ನಾಲಿಗೆಗೆ ಹಚ್ಚಿಕೊಂಡೆ. ಮುಂದಿನ ಆಟಿಗೆ ಬಂಗುಡೆ ಬೇಡ, ಬೂತಾಯಿ ತರುತ್ತೇನೆ, ಪುನರ್ಪುಳಿ ಹಾಕಿ ಮಾಡುತ್ತೇನೆ ಎಂದು ಲೆಕ್ಕ ಹಾಕುತ್ತಿದ್ದೆ.

"ಹುಳಿ ಹೆಚ್ಚಾಯ್ತೋ ಏನೋ" ಎಂದೆ.